‘ಟಿಶ್ಯೂ ಮ್ಯಾಚಿಂಗ್’: ಹೊಂದಾಣಿಕೆಯೋ, ತಾಳೆಯೋ, ಒಗ್ಗುವುದೋ?

ಮಕ್ಕಳ ಹೃದಯ ಕಸಿಯ ಬಗ್ಗೆ ಒಂದು ತಿಳಿವಳಿಕೆ ಪತ್ರವನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಕನ್ನಡದಲ್ಲೇ ಓದಿ ಬೆಳೆದ ಅಪ್ಪ-ಅಮ್ಮಂದಿರಿಗೆ ಬೇಕಾದದ್ದು. ‘ಟಿಶ್ಯೂ ಮ್ಯಾಚಿಂಗ್’ (ದಾನಿಯ ಅಂಗ ಪಡೆಯುವವರ ದೇಹಕ್ಕೆ ಸರಿಬರುತ್ತದೆಯೇ ಎಂದು ನೋಡುವುದು) ಬಂದಲ್ಲಿ ಕೆಲಸ ನಿಂತಿದೆ.

ಟಿಶ್ಯೂಗೆ ಶಾಲೆಯಲ್ಲಿ ಕಲಿತ ‘ಅಂಗಾಂಶ’ ಇದೆ. ಮಲಯಾಳದವರು ‘ಕಲ’ ಎನ್ನುತ್ತಾರೆ, ಅದನ್ನು ಹಾಗೇ ತಂದರೆ ನಮ್ಮವರಿಗೆ ಬಟ್ಟೆಗೆ ಬಿದ್ದ ಕಲೆ ನೆನಪಾದೀತು. ಪೇಚಿರುವುದು ‘ಮ್ಯಾಚಿಂಗ್’ನಲ್ಲಿ. ಪತ್ರಿಕೆಗಳು ‘ಹೊಂದಾಣಿಕೆ’ ಎಂದು ಬರೆಯುತ್ತವೆ. ಆದರೆ ಹೊಂದಾಣಿಕೆ ಅಂದರೆ ಅಡ್ಜಸ್ಟ್ ಮಾಡಿಕೊಳ್ಳುವುದು ಕೂಡ ಅಲ್ವಾ? ಪಕ್ಷಗಳ ಸೀಟು ಹೊಂದಾಣಿಕೆ ಇದ್ದ ಹಾಗೆ. ‘ಹೊಂದಾಣಿಕೆ ಆಗಿಲ್ಲ’ ಎಂದು ಓದಿದ ತಾಯಿ, ‘ಏನಾದರೂ ಮಾಡಿ ಹೊಂದಾಣಿಕೆ ಮಾಡಿ ಡಾಕ್ಟ್ರೇ’ ಎಂದು ಬೇಡಿಕೊಂಡರೆ ತಪ್ಪು ಅವರದಲ್ಲ.

ಇನ್ನೊಂದು ವಿಷಯ. ಮೂತ್ರಪಿಂಡದ ಕಸಿಯಲ್ಲಿ ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತುಗಳು ಎಷ್ಟು ಕೂಡಿಬರುತ್ತವೆ ಎಂದು ನೋಡುತ್ತಾರೆ. ಹೃದಯಕ್ಕೆ ಅಷ್ಟು ಪುರುಸೊತ್ತಿಲ್ಲ. ದೇಹದಿಂದ ತೆಗೆದ ಮೇಲೆ ಸುಮಾರು 4 ಗಂಟೆಯೊಳಗೆ ಜೋಡಿಸಬೇಕು. ಹಾಗಾಗಿ ಮೊದಲು ನೋಡುವುದು ರಕ್ತದ ಗುಂಪು, ದಾನಿಯ ಮತ್ತು ಮಗುವಿನ ಅಳತೆ-ತೂಕ.

ಆಮೇಲೆ ಬರುವುದು, ದಾನಿಯ ಅಂಗವನ್ನು ಮಗುವಿನ ರಕ್ತ ಎದುರಿಸುತ್ತದೆಯೇ ಎಂದು ನೋಡುವ ಪರೀಕ್ಷೆ, ಕ್ರಾಸ್‌ಮ್ಯಾಚ್. ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದು, ಮೊದಲೇ ಆಪರೇಷನ್ ಆಗಿ, ಬೇರೆಯವರ ರಕ್ತ ಪಡೆದ ಮಕ್ಕಳಲ್ಲಿ ಪರರ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯಗಳು (ಹೊರಗಿನದನ್ನು ಎದುರಿಸಲು ದೇಹ ರಕ್ತದಲ್ಲಿ ತಯಾರಿಸುವ ವಸ್ತುಗಳು) ಬೆಳೆದಿರಬಹುದು. ಮಗುವಿನ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ದಾನಿಯ ಜೀವಕೋಶಗಳ ಜೊತೆ ಬೆರೆಸಿ ನೋಡುತ್ತಾರೆ. ಈಗೀಗ ಮಗುವಿನ ಪ್ರತಿಕಾಯಗಳ ಪಟ್ಟಿಯನ್ನೂ ದಾನಿಯ ಎಚ್‌ಎಲ್‌ಎ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದೂ ಇದೆ. ಇದಕ್ಕೆ ‘ತಾಳೆ ನೋಡುವುದು’ ಎಂಬ ನಮ್ಮ ಲೆಕ್ಕದ ಮಾತು ಸರಿಯಾಗಿ ಕೂರುತ್ತದೆ ಎಂದುಕೊಂಡೆ. ಆದರೆ ಲೆಕ್ಕ ತಾಳೆಯಾದರೆ ಒಳ್ಳೆಯದು, ಇಲ್ಲಿ ಎರಡು ಪಟ್ಟಿ ತಾಳೆಯಾದರೆ ಕೆಟ್ಟ ಸುದ್ದಿ! ಕ್ರಾಸ್‌ಮ್ಯಾಚ್ ಪಾಸಿಟಿವ್ ಅಂದರೆ ಮಗುವಿನ ರಕ್ತ ಆ ಹೃದಯದ ಮೇಲೆ ತಿರುಗಿ ಬೀಳುತ್ತದೆ ಎಂದರ್ಥ. ಮನೆಯವರು ‘ತಾಳೆಯಾಯಿತು’ ಎಂದು ಕೇಳಿ ಸಂತೋಷಪಟ್ಟರೆ ಏನು ಗತಿ?

ಹಾಗಾಗಿ ನನ್ನ ಒಲವು ‘ಒಗ್ಗುವುದು’ ಎಂಬ ಮಾತಿನ ಕಡೆ. ನೀರು ಒಗ್ಗಲಿಲ್ಲ, ಮದ್ದು ಒಗ್ಗಲಿಲ್ಲ ಎನ್ನುತ್ತೇವಲ್ಲ, ಅದೇ. ಎಳೆ ಕೂಸುಗಳ ವಿಷಯಕ್ಕೂ ಇದು ಒದಗುತ್ತದೆ. ಬೇರೆ ರಕ್ತದ ಗುಂಪಿನ ವಿರುದ್ಧದ ಪ್ರತಿಕಾಯಗಳು ಕೂಸುಗಳಲ್ಲಿ ಇನ್ನೂ ಸರಿಯಾಗಿ ಹುಟ್ಟಿರುವುದಿಲ್ಲ. ಟೊರಾಂಟೊದಲ್ಲಿ ವೈದ್ಯೆ ಲೋರಿ ವೆಸ್ಟ್ ಮತ್ತು ಜೊತೆಗಾರರು ಗುಂಪು ಬೇರೆಯಾದ ಹೃದಯವನ್ನೇ ಕೂಸುಗಳಿಗೆ ಕಸಿ ಮಾಡಿ, ಅದು ಸಾಧ್ಯ ಎಂದು 2001ರಲ್ಲಿ ಪ್ರಕಟಿಸಿದರು. ಗುಂಪು ಹೊಂದದಿದ್ದರೂ ಹೃದಯ ಒಗ್ಗಿತು ಎಂದು ಸಲೀಸಾಗಿ ಹೇಳಬಹುದು. ಕಸಿಯಾದ ಮೇಲೆ ದೇಹ ಹೊಸ ಅಂಗದ ಮೇಲೆ ತಿರುಗಿ ಬೀಳುವ ‘ರಿಜೆಕ್ಷನ್’ಗೆ ‘ತಿರಸ್ಕಾರ’ ಎಂದು ಬರೆಯಲು ನನಗೆ ಮನಸ್ಸಿಲ್ಲ, ಯಾರೋ ಬೇಕೆಂದೇ ದೂರ ತಳ್ಳಿದ ಹಾಗಿದೆ. ‘ಒಗ್ಗದಿರುವುದು’ ಸಾಕು.

ಕ್ರಾಸ್‌ಮ್ಯಾಚ್‌ಗೆ ‘ಒಗ್ಗು ಪರೀಕ್ಷೆ’ ಎಂದರೆ ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆಯೇ? ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು ಕಡೆಯವರು ‘ಒಗ್ಗು’ ಎಂಬುದನ್ನು ಇದೇ ಅರ್ಥದಲ್ಲಿ ಬಳಸುತ್ತೀರಾ, ಇಲ್ಲ ಬೇರೆ ಮಾತಿದೆಯೇ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ‘ಪಾಸಿಟಿವ್’ ಬಂದಾಗ ಮನೆಯವರಿಗೆ ಕನ್ನಡದಲ್ಲಿ ಏನೆಂದು ಹೇಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.