ಬೆನ್ನಿಗೆ ಎಷ್ಟು, ಬೈಕಿಗೆ ಎಷ್ಟು

ಅನಘಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಈಗ ನೋಡಿದೆ. ಆಗಸ್ಟ್‌ನಲ್ಲಿ ಗೆಳತಿಯೂ ನೀನೂ ಬೇರೆ ಬೇರೆ ಬೈಕಿನಲ್ಲಿ ಬೆಂಗಳೂರಿನಿಂದ ಹಾಸನ, ಬೇಲೂರು, ಚಿಕ್ಕಮಗಳೂರಿನ ಮೇಲೆ ಶೃಂಗೇರಿಗೆ ಹೋಗಿ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿ ಸೇರುವವರಿದ್ದೀರಿ. ಕುಮಾರ ಪರ್ವತಕ್ಕೆ ಒಯ್ದಿದ್ದ 50 ಲೀಟರಿನ ಚಾರಣದ ಬ್ಯಾಗೇ ಸಾಕೇ, ಹೊಸದನ್ನು ಕೊಳ್ಳಬೇಕೇ ಎಂದು ಕೇಳಿದ್ದೀಯ. ಅಷ್ಟು ದೂರ ಭಾರ ಹೊತ್ತರೆ ನಿನ್ನ ಬೆನ್ನು ಏನಾಗಬೇಕು ಎಂದು ಅಕ್ಕ ಅದರ ಕೆಳಗೆ ಬರೆದಿದ್ದಾಳೆ. ಅಕ್ಕನ ಆತಂಕ ಸರಿಯಾದದ್ದು, ನಿನ್ನ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ: ಆ ಬ್ಯಾಗನ್ನು ಈ ಪ್ರಯಾಣಕ್ಕೆ ಬೆನ್ನಿಗೆ ಹಾಕಿಕೊಳ್ಳಬೇಡ.

ಚಾರಣದ ಬ್ಯಾಗು ನಡೆಯುವವರಿಗಾಗಿ ಮಾಡಿದ್ದು. ನಡೆಯುವಾಗ ಸೊಂಟದ ಪಟ್ಟಿ ಭಾರವನ್ನು ಸೊಂಟದ ಮೂಳೆಯ ಮೇಲೆ ಇಳಿಸುತ್ತದೆ, ಅಲ್ಲಿಂದ ಕಾಲು ಅದನ್ನು ಹೊರುತ್ತದೆ. ಬೈಕಿನ ಮೇಲೆ ಕೂತಾಗ ಸೊಂಟ ಮಡಚಿ, ಅದೇ ಪಟ್ಟಿ ಹೊಟ್ಟೆಗೆ ಒತ್ತುತ್ತದೆ. ಭಾರವೆಲ್ಲ ಹೆಗಲಿಗೆ ಬರುತ್ತದೆ. ರಸ್ತೆಯ ಪ್ರತಿ ಗುಂಡಿ, ಪ್ರತಿ ಹಂಪಿನ ಏಟನ್ನು ಕುತ್ತಿಗೆ ಮತ್ತು ಕೆಳಬೆನ್ನು ತಿನ್ನುತ್ತವೆ. ಹೆಗಲ ಪಟ್ಟಿ ಗಂಟೆಗಟ್ಟಲೆ ಒಂದೇ ಜಾಗವನ್ನು ಒತ್ತಿದರೆ ಬೆರಳುಗಳಿಗೆ ಜೋಮು ಹಿಡಿಯುತ್ತದೆ, ಆ ಬೆರಳುಗಳೇ ಕ್ಲಚ್ಚನ್ನೂ ಬ್ರೇಕನ್ನೂ ಹಿಡಿಯಬೇಕು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬ್ಯಾಗಿನ ಎತ್ತರ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಕಣ್ಣು ಚಕ್ರದ ಮುಂದಿನ ಡಾಂಬರಿನ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲೆ ಇರಬೇಕು. ಅದಕ್ಕೆ ತಲೆಯನ್ನು ಚೆನ್ನಾಗಿ ಎತ್ತಿ ಹೊರಳಿಸಬೇಕು. ಹೆಗಲಿಗಿಂತ ಮೇಲೆ ಎದ್ದ ಬ್ಯಾಗಿದ್ದರೆ ಹೆಲ್ಮೆಟ್ಟಿನ ಹಿಂಭಾಗ ಅದಕ್ಕೆ ತಾಗಿ, ತಲೆ ಎತ್ತಿದಷ್ಟೂ ಅದು ಕೆಳಕ್ಕೆ ನೂಕುತ್ತದೆ. ಆಗುಂಬೆಯ ಒದ್ದೆ ರಸ್ತೆಯಲ್ಲಿ ಎದುರಿಗೆ ಬಸ್ಸು ಬರುತ್ತಿರುವಾಗ ಅಂಥ ಅಡ್ಡಿ ಇರಲೇಬಾರದು.

ಹಾಗಾಗಿ ಬಟ್ಟೆ, ಚಪ್ಪಲಿ, ಟೂಲ್ಸ್, ಪಂಕ್ಚರ್ ಕಿಟ್, ಬೀಗದ ಸರಪಳಿ ಎಲ್ಲವೂ ಬೈಕಿನ ಮೇಲೆ ಹೋಗಲಿ. ಹಿಂದಿನ ಸೀಟಿನ ಎರಡೂ ಬದಿಗೆ ಇಳಿಬಿಡುವ ಸ್ಯಾಡಲ್ ಬ್ಯಾಗು ನಿನ್ನ ಬೈಕಿಗೆ ಸರಿಹೋಗುತ್ತದೆ. ತೂಕದ ಸಾಮಾನನ್ನು ಅದರ ತಳದಲ್ಲಿಟ್ಟು, ಎರಡೂ ಕಡೆ ಸಮನಾಗಿ ಹಂಚು. ಸೈಲೆನ್ಸರಿಗೆ ಬ್ಯಾಗು ತಾಗದಂತೆ ನಡುವೆ ಕಬ್ಬಿಣದ ಸ್ಟೇ, ಅಂದರೆ ಬ್ಯಾಗನ್ನು ದೂರ ಹಿಡಿಯುವ ಚೌಕಟ್ಟು, ಇರಬೇಕು, ಇಲ್ಲವಾದರೆ ಹಾಸನ ತಲುಪುವಷ್ಟರಲ್ಲಿ ಬಟ್ಟೆ ಸುಟ್ಟಿರುತ್ತದೆ. ಕೊಕ್ಕೆಯಿರುವ ರಬ್ಬರ್ ಹಗ್ಗದಿಂದ ಕಟ್ಟಬೇಡ. ಎಳೆದು ಸಿಕ್ಕಿಸುವಾಗ ಕೈ ಜಾರಿದರೆ ಆ ಕೊಕ್ಕೆ ಕಣ್ಣಿಗೇ ಬರಬಹುದು. ಬಕಲ್ ಇರುವ ಪಟ್ಟಿಯೇ ಒಳ್ಳೆಯದು.

ಬೆನ್ನಿಗೆ 15ರಿಂದ 20 ಲೀಟರಿನ ಚಿಕ್ಕ ಬ್ಯಾಗು ಸಾಕು. ತುಂಬಿದ ಮೇಲೆ ಅದು 5 ಕಿಲೋ ದಾಟಬಾರದು ಎಂಬುದು ನನ್ನ ಅಭಿಪ್ರಾಯ. ಕೊಳವೆಯಿಂದ ಹೀರಿ ಕುಡಿಯುವ 2 ಲೀಟರಿನ ನೀರಿನ ಚೀಲವೇ 2 ಕಿಲೋ ಆಗುತ್ತದೆ. ಅದರ ಜೊತೆಗೆ ಫೋನಿನ ಚಾರ್ಜರ್, ದಾಖಲೆ, ಹಣ, ಔಷಧಿ, ಒಂದು ಒಣ ಅಂಗಿ ಇಟ್ಟರೆ ಜಾಗ ಮುಗಿಯಿತು. ಗಟ್ಟಿಯಾದ ಯಾವ ವಸ್ತುವನ್ನೂ, ಸ್ಪ್ಯಾನರ್ ಆಗಲಿ, ಕ್ಯಾಮೆರಾದ ಟ್ರೈಪಾಡ್ ಆಗಲಿ, ಬೆನ್ನಿನ ಬ್ಯಾಗಿನಲ್ಲಿ ಇಡಲೇಬೇಡ. ಅಕ್ಕ ಗಾಬರಿಯಾಗಬಾರದು, ಆದರೆ ಇದನ್ನು ಹೇಳದೆ ಇರಲಾರೆ: ಬಿದ್ದಾಗ ಮೈಯ ಭಾರವೆಲ್ಲ ಆ ವಸ್ತುವಿನ ಮೇಲೆ ಬಂದು, ಅದು ನೇರ ಬೆನ್ನುಮೂಳೆಗೆ ನಾಟುತ್ತದೆ. ಜಾಕೆಟ್ಟಿನ ಒಳಗೆ ಬೆನ್ನಿನ ಗಾರ್ಡ್ ಇದ್ದೇ ಇರಲಿ, ಬ್ಯಾಗಿದೆಯೆಂದು ಅದನ್ನು ತೆಗೆಯುವುದು ಬೇಡ.

ಕೊಳ್ಳುವಾಗ ಅಂಗಡಿಗೆ ಬೈಕಿನಲ್ಲೇ ಹೋಗು. ಜಾಕೆಟ್, ಹೆಲ್ಮೆಟ್ ಹಾಕಿಕೊಂಡು, ಬ್ಯಾಗಿಗೆ ನಾಲ್ಕೈದು ಕಿಲೋ ತೂಕ ತುಂಬಿಸಿ, ನಿನ್ನ ಬೈಕಿನ ಮೇಲೆ ಕೂತು ತಲೆಯನ್ನು ಮೇಲಕ್ಕೂ ಎರಡೂ ಬದಿಗೂ ಹೊರಳಿಸಿ ನೋಡು. ಕನ್ನಡಿಯ ಮುಂದೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಎದೆಯ ಮೇಲೆ ಅಡ್ಡ ಪಟ್ಟಿ ಇರಲೇಬೇಕು, ಕೈಗವಸು ತೆಗೆಯದೆ ಅದನ್ನು ಬಿಚ್ಚಲು ಬರಬೇಕು. ಕ್ರೀಗಾ ಎಂಬ ಬ್ರಿಟಿಷ್ ಕಂಪನಿಯ ಬ್ಯಾಗುಗಳಲ್ಲಿ ನಾಲ್ಕು ಪಟ್ಟಿಗಳು ಎದೆಯ ಮೇಲೆ ಕೂಡಿ, ಭಾರವನ್ನು ಹೆಗಲಿನಿಂದ ಎದೆಗೆ ಹಂಚುತ್ತವೆ. ಒಳ್ಳೆಯ ವಿನ್ಯಾಸ, ಆದರೆ 5 ಕಿಲೋ ಭಾರಕ್ಕೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ. ಜೋತಾಡುವ ಪಟ್ಟಿಯ ತುದಿಗಳನ್ನೆಲ್ಲ ಸುತ್ತಿ ಒಳಗೆ ಸಿಕ್ಕಿಸು. ಗಂಟೆಗೆ 80 ಕಿಲೋಮೀಟರಿನಲ್ಲಿ ಅವು ಕುತ್ತಿಗೆಗೆ ಬಾರಿಸುತ್ತವೆ. ಸ್ಯಾಡಲ್ ಬ್ಯಾಗಿನ ಪಟ್ಟಿಯನ್ನು ಇನ್ನೂ ಎಚ್ಚರದಿಂದ ನೋಡಬೇಕು, ಅದು ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರವೇ ಹಿಡಿದುಬಿಡಬಹುದು.

ಇನ್ನು ಮಳೆಯ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರಿನಷ್ಟು ಮಳೆಯಾಗುತ್ತದೆ, ಅದರ ಬಹುಪಾಲು ಬೀಳುವುದು ನೀವು ಹೋಗುವ ಮಳೆಗಾಲದಲ್ಲೇ. ಬ್ಯಾಗಿನ ಜೊತೆ ಬರುವ ರೇನ್ ಕವರನ್ನು ನಂಬಿ ಹೊರಡಬೇಡ. ಗಾಳಿ ಅದರೊಳಗೆ ನುಗ್ಗಿ ಗಾಳಿಪಟದಂತೆ ಕಿತ್ತೊಯ್ಯುತ್ತದೆ, ಕಿತ್ತುಹೋಗದಿದ್ದರೂ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನ ಒಳಗೇ ಒಂದು ಜಲನಿರೋಧಕ ಚೀಲವಿಟ್ಟು, ಗಾಳಿ ಹೊರಗೆ ಹಾಕಿ, ಬಾಯನ್ನು ಕನಿಷ್ಠ ಮೂರು ಸುತ್ತು ಮಡಚಿ ಬಕಲ್ ಹಾಕು. ಫೋನು ಮತ್ತು ಔಷಧಿಯನ್ನು ಅದರೊಳಗೆ ಮತ್ತೊಂದು ಪ್ಲಾಸ್ಟಿಕ್ ಚೀಲದಲ್ಲಿಡು. ರೇನ್‌ಕೋಟನ್ನು ಮೊದಲು ಹಾಕಿಕೊಂಡು ಅದರ ಮೇಲೆ ಬ್ಯಾಗು ಹಾಕಿಕೊಳ್ಳಬೇಕು. ಆಗ ಜಾಕೆಟ್ಟಿನ ಹೊಳೆಯುವ ಪಟ್ಟಿಗಳು ಮುಚ್ಚಿಹೋಗುತ್ತವೆ, ಆ ಘಟ್ಟದಲ್ಲಿ ಆಗಸ್ಟ್‌ನಲ್ಲಿ ಹಗಲಿನಲ್ಲೇ ಮಂಜು ಕವಿಯುತ್ತದೆ. ಆದ್ದರಿಂದ ಬ್ಯಾಗಿನ ಹಿಂದೆಯೇ ಹೊಳೆಯುವ ಪಟ್ಟಿ ಇರುವುದನ್ನು ಆರಿಸು, ಕಪ್ಪು ಬಣ್ಣ ಬೇಡ.

ನಿಂತ ಕಡೆಯಲ್ಲೆಲ್ಲ, ಕಾಫಿಗೇ ಆಗಲಿ, ಬ್ಯಾಗನ್ನು ಪೂರ್ತಿ ಇಳಿಸಿ ಹೆಗಲು ತಿರುಗಿಸು. ಹೊರಡುವ ಹಿಂದಿನ ಭಾನುವಾರ ಎಲ್ಲ ಸಾಮಾನು ಕಟ್ಟಿಕೊಂಡು ರಾಮನಗರದವರೆಗೆ ಹೋಗಿ ಬಾ, ಏನು ಸಡಿಲವಾಯಿತು, ಏನು ಒತ್ತಿತು ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಸ್ಯಾಡಲ್ ಬ್ಯಾಗನ್ನು ಕೊಳ್ಳಬೇಡ, ನನ್ನದು ಚೆನ್ನಾಗಿಯೇ ಇದೆ. ಶನಿವಾರ ಬೈಕು ತೆಗೆದುಕೊಂಡು ಮನೆಗೆ ಬಂದರೆ ಸ್ಟೇ ಸಹಿತ ಕೂರಿಸಿ ಕೊಡುತ್ತೇನೆ.