4ಕೆ 60 ಹರ್ಟ್ಸ್‌ನಲ್ಲಿ ಚಿತ್ರ, ಸೌಂಡ್ ಎರಡೂ ಆಗಾಗ ಕಟ್: ತಪ್ಪು ರಿಸೀವರ್‌ದಾ, ಕೇಬಲ್‌ದಾ?

ಪ್ರಶ್ನೆ:
ನಮಸ್ಕಾರ. ಸ್ಟ್ರೀಮಿಂಗ್ ಬಾಕ್ಸ್‌ನಿಂದ ಎವಿ ರಿಸೀವರ್‌ಗೆ (ಸ್ಪೀಕರ್‌ಗಳು ಇದಕ್ಕೇ) 1.5 ಮೀಟರ್ ಎಚ್‌ಡಿಎಂಐ ಕೇಬಲ್, ಅಲ್ಲಿಂದ ಪ್ರೊಜೆಕ್ಟರ್‌ಗೆ ಗೋಡೆಯ ಪೈಪಿನೊಳಗೆ 10 ಮೀಟರ್ ತಾಮ್ರದ ಕೇಬಲ್. ಬಾಕ್ಸ್ ಸೆಟ್ಟಿಂಗ್ 4ಕೆ, 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್), ಎಚ್‌ಡಿಆರ್ (ಹೊಳಪು-ನೆರಳಿನ ವ್ಯತ್ಯಾಸ ಹೆಚ್ಚಿರುವ ಚಿತ್ರ). ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪರದೆ ಎರಡು ಮೂರು ಸೆಕೆಂಡ್ ಕಪ್ಪಾಗುತ್ತೆ, ಜೊತೆಗೇ ಸೌಂಡೂ ಹೋಗುತ್ತೆ. ಕೆಲವೊಮ್ಮೆ ಬಿಳಿ ಚುಕ್ಕಿಗಳು ಮಿನುಗುತ್ತವೆ. ಸೌಂಡ್ ಕೂಡ ಹೋಗುವುದರಿಂದ ರಿಸೀವರ್ ಮೇಲೆ ಅನುಮಾನ. ಸರ್ವಿಸ್‌ಗೆ ಕೊಡಬೇಕಾ?

ಉತ್ತರ 1:
ಈಗಲೇ ಬೇಡ. ಮಿನುಗುವ ಚುಕ್ಕಿ ಅಂದರೆ ಕೇಬಲ್ ದಾರಿಯಲ್ಲಿ ಡೇಟಾ ಕೆಡುತ್ತಿದೆ ಅಂತಲೇ ಮೊದಲು ಅನುಮಾನಿಸಬೇಕು. ಅದು ಇನ್ನೂ ಹೆಚ್ಚಾದಾಗ ಪರದೆ ಪೂರ್ತಿ ಕಪ್ಪಾಗುತ್ತೆ. 4ಕೆ 60 ಹರ್ಟ್ಸ್ ಎಚ್‌ಡಿಆರ್ 4:2:2ರಲ್ಲಿ (ಬಣ್ಣದ ವಿವರ ಸ್ವಲ್ಪ ಇಳಿಸಿ ಕಳಿಸುವ ವಿಧಾನ) ಹೋದರೆ ಸೆಕೆಂಡಿಗೆ ಸುಮಾರು 18 ಗಿಗಾಬಿಟ್ ಬೇಕು. ಅದೇ 24 ಹರ್ಟ್ಸ್ ಆದರೆ ಅರ್ಧ, ಸುಮಾರು 9. ಬಾಕ್ಸನ್ನು 24 ಹರ್ಟ್ಸ್‌ಗೆ ಇಳಿಸಿ ಒಂದು ಪೂರ್ತಿ ಸಿನಿಮಾ ಓಡಿಸಿ. ಕಟ್ ಆಗದಿದ್ದರೆ ಬಹುಶಃ ಆ 10 ಮೀಟರ್ ಕೇಬಲ್ಲೇ ಸಾಲುತ್ತಿಲ್ಲ.

ಉತ್ತರ 2:
ಸೌಂಡ್ ಯಾಕೆ ಹೋಗುತ್ತೆ ಅನ್ನೋದನ್ನೂ ಹೇಳಬೇಕು, ರಿಸೀವರ್ ಮೇಲೆ ಸುಮ್ಮನೆ ತಪ್ಪು ಹೊರಿಸೋದು ಇಲ್ಲೇ. ಎಚ್‌ಡಿಸಿಪಿ (ನಕಲು ತಡೆಯಲು ಸಾಧನಗಳು ಪರಸ್ಪರ ಗುಪ್ತ ಕೀ ಪರಿಶೀಲಿಸುವ ವ್ಯವಸ್ಥೆ) ಲೆಕ್ಕದಲ್ಲಿ ರಿಸೀವರ್ ನಡುವಿನ ರಿಪೀಟರ್, ಅಂದರೆ ಸಿಗ್ನಲ್ ಪಡೆದು ಮುಂದೆ ಕಳಿಸುವ ಸಾಧನ. ಪ್ರೊಜೆಕ್ಟರ್ ಕಡೆಯ ಕೊಂಡಿ ಕಳಚಿದರೆ ಬಾಕ್ಸ್‌ವರೆಗೂ ಕೀ ಪರಿಶೀಲನೆ ಮತ್ತೆ ಮೊದಲಿನಿಂದ ನಡೆಯಬಹುದು, ಅದು ಮುಗಿಯೋವರೆಗೆ ಸೌಂಡ್ ಮ್ಯೂಟ್. ಹಾಗಾಗಿ ಪ್ರೊಜೆಕ್ಟರ್ ಕಡೆಯ ಕೇಬಲ್ ಕೆಟ್ಟರೂ ಸ್ಪೀಕರ್ ಸುಮ್ಮನಾಗುತ್ತೆ.

ಖಚಿತ ಮಾಡಿಕೊಳ್ಳಲು ರಿಸೀವರ್, ಬಾಕ್ಸ್ ಎರಡನ್ನೂ ಪ್ರೊಜೆಕ್ಟರ್ ಹತ್ತಿರ ಒಯ್ದು, 2 ಮೀಟರ್ ಒಳ್ಳೆಯ ಕೇಬಲ್‌ನಲ್ಲಿ ಅದೇ 60 ಹರ್ಟ್ಸ್‌ನಲ್ಲಿ ಒಂದು ಗಂಟೆ ಓಡಿಸಿ. ಆಗಲೂ ಕಟ್ ಆದರೆ 1.5 ಮೀಟರ್ ಕೇಬಲ್ ಬದಲಿಸಿ, ನಂತರ ರಿಸೀವರ್ ಬಿಟ್ಟು ಬಾಕ್ಸನ್ನು ನೇರ ಪ್ರೊಜೆಕ್ಟರ್‌ಗೆ ಹಾಕಿ ನೋಡಿ. ಸರ್ವಿಸ್ ಮಾತು ಅದಾದ ಮೇಲೆ.

ಸಿನಿಮಾ ಶುರುವಾದಾಗ ಒಮ್ಮೆ ಕಪ್ಪಾಗೋದು ಫ್ರೇಮ್ ರೇಟ್ ಬದಲಾಗೋದರಿಂದ, ಅದನ್ನು ಲೆಕ್ಕಕ್ಕೆ ತಗೋಬೇಡಿ. ಫ್ಯಾನ್ ಅಥವಾ ಮೋಟರ್ ಸ್ವಿಚ್ ಹಾಕಿದ ಕ್ಷಣಕ್ಕೇ ಕಟ್ ಆಗುತ್ತಿದ್ದರೆ ಮಾತ್ರ ಅರ್ತಿಂಗ್ ನೋಡಿಸಿ.

ಪ್ರಶ್ನೆ ಕೇಳಿದವರು:
24 ಹರ್ಟ್ಸ್‌ನಲ್ಲಿ ಎರಡೂವರೆ ಗಂಟೆ, ಒಮ್ಮೆಯೂ ಕಟ್ ಇಲ್ಲ. 2 ಮೀಟರ್ ಕೇಬಲ್‌ನಲ್ಲಿ 60 ಹರ್ಟ್ಸ್ ಕೂಡ ಸರಿ. ಹಾಗಾದರೆ ಯಾವ ಕೇಬಲ್ ತರಲಿ? ಪೈಪ್ 25 ಮಿ.ಮೀ., ಎರಡು ಬೆಂಡ್ ಇವೆ.

ಉತ್ತರ 3:
ಈ ದೂರಕ್ಕೆ ಮತ್ತೆ ತಾಮ್ರದ್ದು ಬೇಡ. 5 ಮೀಟರ್ ದಾಟಿದ ಮೇಲೆ 18 ಗಿಗಾಬಿಟ್‌ಗೆ ಅದನ್ನು ನಾನು ನೆಚ್ಚುವುದಿಲ್ಲ. ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕು ಇದೆ: ‘ಸೋರ್ಸ್’ ತುದಿ ರಿಸೀವರ್‌ಗೆ, ‘ಡಿಸ್‌ಪ್ಲೇ’ ತುದಿ ಪ್ರೊಜೆಕ್ಟರ್‌ಗೆ. ಉಲ್ಟಾ ಆದರೆ ಚಿತ್ರವೇ ಬರುವುದಿಲ್ಲ. ಸಾಮಾನ್ಯ ಪ್ಲಗ್ ಸುಮಾರು 20 ಮಿ.ಮೀ. ಅಗಲ, ನಿಮ್ಮ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಹಾಕುವಂಥ ಮಾದರಿಯನ್ನೇ ಕೇಳಿ. ಮೊದಲು ನೆಲದ ಮೇಲೇ ಹಾಸಿ ಒಂದು ದಿನ 60 ಹರ್ಟ್ಸ್ ಓಡಿಸಿ, ಆಮೇಲೆ ಪೈಪಿಗೆ. ಎಳೆಯುವ ದಾರವನ್ನು ಪ್ಲಗ್‌ಗೆ ಕಟ್ಟಬೇಡಿ, ಕೇಬಲ್ ಮೈಗೆ ಕಟ್ಟಿ ಟೇಪ್ ಸುತ್ತಿ. ಚೂಪಾಗಿ ಮಡಚಿದರೆ ಒಳಗಿನ ಎಳೆ ಮುರಿಯುತ್ತದೆ.

ಅದು ಬರುವವರೆಗೆ ಬಾಕ್ಸನ್ನು 60 ಹರ್ಟ್ಸ್‌ನಲ್ಲೇ ಇಟ್ಟು 4:2:0 (ಬಣ್ಣದ ವಿವರ 4:2:2ಕ್ಕಿಂತಲೂ ಕಡಿಮೆ) ಆರಿಸಿ. 10 ಬಿಟ್ ಬಣ್ಣದಲ್ಲೂ ಸುಮಾರು 11 ಗಿಗಾಬಿಟ್ ಸಾಕು. ಈಗಿನ ಕೇಬಲ್ ಅಷ್ಟು ತಡೆಯಬಹುದು.