ಮೂರು ವರ್ಷದಿಂದ ಡಿಪ್ರೆಶನ್ ಮಾತ್ರೆ ತಗೋತಿದೀನಿ, ಈಗ ನಂಬಿಕೆನೇ ಹೋಗಿದೆ. ನಿಮಗೂ ಹೀಗಾಗಿದೆಯಾ?

ಹಗಲುನಿದ್ದೆ:

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ತಿದ್ದೆ, ಇವತ್ತು ಮೊದಲ ಸಲ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಮೂರು ವರ್ಷದ ಹಿಂದೆ ನಮ್ಮಪ್ಪ ತೀರಿಕೊಂಡ್ರು. ಆಮೇಲೆ ಎರಡು ತಿಂಗಳು ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ, ಕೆಲಸಕ್ಕೆ ಕೂತ್ರೆ ಒಂದೇ ಸಾಲನ್ನ ಹತ್ತು ಸಲ ಓದಿದ್ರೂ ತಲೆಗೆ ಹೋಗ್ತಿರ್ಲಿಲ್ಲ. ಮನೆಯವ್ರು ಬಲವಂತ ಮಾಡಿದ್ರು ಅಂತ ಡಾಕ್ಟರ್ ಹತ್ರ ಹೋದೆ. ಒಂದು ಫಾರಂ ಕೊಟ್ರು, ಒಂಬತ್ತು ಪ್ರಶ್ನೆ, ಕಳೆದ ಎರಡು ವಾರ ಹೇಗಿತ್ತು ಅಂತ ಸೊನ್ನೆಯಿಂದ ಮೂರರವರೆಗೆ ಟಿಕ್ ಹಾಕೋದು. ನಂದು 27ಕ್ಕೆ 16 ಬಂತು. "ಮೆದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕಮ್ಮಿ ಆಗಿದೆ, ಶುಗರ್ ಇರೋರಿಗೆ ಇನ್ಸುಲಿನ್ ಹೆಂಗೋ ಇದೂ ಹಂಗೇ" ಅಂದ್ರು, ಎಸಿಟಾಲೋಪ್ರಾಮ್ 10 ಮಿಲಿಗ್ರಾಂ ಬರೆದ್ರು. ಎಲ್ಲಾ ಸೇರಿ ಹತ್ತು ನಿಮಿಷ ಆಗಿರ್ಬಹುದು. ಅಪ್ಪನ ಬಗ್ಗೆ ಒಂದೇ ಒಂದು ಮಾತು ಕೇಳ್ಲಿಲ್ಲ. ಶುಗರ್ ಆದ್ರೆ ರಕ್ತ ತಗೊಂಡು ನೋಡ್ತಾರೆ, ನನ್ನ ಸೆರೊಟೋನಿನ್ನ ಯಾರೂ ಅಳೀಲೇ ಇಲ್ಲ, ಅದನ್ನ ಅಳೆದು ನಿಮಗೆ ಡಿಪ್ರೆಶನ್ ಇದೆ ಅಂತ ಹೇಳೋ ಟೆಸ್ಟೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ.

ಮೊದಲ ಎರಡು ವಾರ ವಾಕರಿಕೆ, ಎದೆ ಡವಡವ. ಆಮೇಲೆ ಅಳು ನಿಂತ್ಹೋಯ್ತು, ನಿದ್ದೆ ಬಂತು, ಸುಳ್ಳು ಹೇಳಲ್ಲ. ಆದ್ರೆ ಅಳುವಿನ ಜೊತೆ ಬೇರೆ ಎಲ್ಲಾನೂ ಹೋಯ್ತು. ತಂಗಿಗೆ ಮಗು ಆದಾಗ ಆ ಮಗುನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ, ಎಲ್ಲರೂ ನನ್ನ ಮುಖ ನೋಡ್ತಿದ್ದಾರೆ, ನನಗೆ ಏನಂದ್ರೆ ಏನೂ ಅನ್ನಿಸ್ತಿಲ್ಲ. ಅಪ್ಪನ ನೆನೆಸ್ಕೊಂಡ್ರೂ ಅಷ್ಟೇ, ಯಾರೋ ದೂರದವರು ಹೋದಂಗೆ. ಅದು ನನಗೆ ಡಿಪ್ರೆಶನ್‌ಗಿಂತ ಹೆಚ್ಚು ನೋವಾಯ್ತು.

ಒಂದೂವರೆ ವರ್ಷ ಆದ್ಮೇಲೆ ನಿಲ್ಸೋಣ ಅಂತ ಕೇಳಿದೆ. ಎರಡು ವಾರ 5 ಮಿಲಿಗ್ರಾಂ ತಗೊಂಡು ನಿಲ್ಸಿ ಅಂದ್ರು. ನಿಲ್ಸಿದ ನಾಲ್ಕನೇ ದಿನ ಶುರುವಾಯ್ತು ನೋಡಿ, ಕಣ್ಣು ಪಕ್ಕಕ್ಕೆ ತಿರುಗಿಸಿದ್ರೆ ತಲೆಯೊಳಗೆ ಕರೆಂಟ್ ಹೊಡೆದಂಗೆ ಜುಮ್ ಅನ್ನೋದು, ನಿಂತ ಕಡೆ ತೂರಾಟ, ಸಣ್ಣ ಮಾತಿಗೆಲ್ಲ ಸಿಟ್ಟು, ಬಾತ್‌ರೂಮಲ್ಲಿ ಕೂತು ಅಳು. ವಾಪಸ್ ಹೋದ್ರೆ "ನೋಡಿದ್ರಾ, ಕಾಯಿಲೆ ಮತ್ತೆ ಬಂತು, ನಿಮಗೆ ಇದು ಬಹಳ ವರ್ಷ ಬೇಕಾಗತ್ತೆ" ಅಂದ್ರು. ನಾನೂ ನಂಬಿ ಮತ್ತೆ ಶುರು ಮಾಡಿದೆ, ಎರಡೇ ದಿನದಲ್ಲಿ ಕರೆಂಟ್ ನಿಲ್ತು.

ಈಗ ಓದ್ತಾ ಓದ್ತಾ ತಲೆ ಕೆಟ್ಟಿದೆ. 2022ರಲ್ಲಿ ಜೊವಾನಾ ಮಾನ್‌ಕ್ರೀಫ್ ಅನ್ನೋ ಬ್ರಿಟನ್ನಿನ ಸೈಕಿಯಾಟ್ರಿಸ್ಟ್ ಮತ್ತೆ ಅವರ ತಂಡ ಹಳೇ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿ, ಸೆರೊಟೋನಿನ್ ಕಮ್ಮಿ ಆಗೋದ್ರಿಂದ ಡಿಪ್ರೆಶನ್ ಬರತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಹೇಳಿದ್ದಾರೆ. ಹಂಗಾದ್ರೆ ನನಗೆ ಹೇಳಿದ್ದು ಏನು? ನನಗಾಗಿದ್ದು ಅಪ್ಪ ಇಲ್ಲದ ಸಂಕಟನಾ, ಕಾಯಿಲೆನಾ? ನಿಲ್ಸಿದಾಗ ಬಂದಿದ್ದು ಕಾಯಿಲೆನಾ, ಮಾತ್ರೆದೇ ಕಾಟನಾ? ಅನುಭವ ಇದ್ದೋರು ದಯವಿಟ್ಟು ಹೇಳಿ.

ಮರಳಿಬಂದವಳು:

ನಿಮ್ಮಪ್ಪನ ವಿಷಯ ಓದಿ ಬೇಜಾರಾಯ್ತು. ಆದ್ರೂ ನಿಮ್ಮ ಪೋಸ್ಟ್ ಓದಿ ಯಾರಾದ್ರೂ ನಾಳೆ ಬೆಳಗ್ಗೆ ಮಾತ್ರೆ ಬಿಸಾಕಿಬಿಟ್ರೆ ಅಂತ ಹೆದರಿಕೆ ಆಗಿ ಬರೀತಿದೀನಿ.

ನನಗೆ ಬಂದಿದ್ದು ದುಃಖ ಅಲ್ಲ. ಮನೇಲಿ ಎಲ್ಲಾ ಚೆನ್ನಾಗಿತ್ತು, ಯಾರೂ ಸತ್ತಿರ್ಲಿಲ್ಲ, ಆದ್ರೆ ನಾನು ಹನ್ನೊಂದು ದಿನ ಸ್ನಾನ ಮಾಡಿರ್ಲಿಲ್ಲ, ಹಾಸಿಗೆಯಿಂದ ಎದ್ದು ನೀರು ಕುಡಿಯೋದು ಬೆಟ್ಟ ಹತ್ತಿದಂಗೆ, ಸಾಯೋದು ಹೇಗೆ ಅಂತ ದಿನಾ ಲೆಕ್ಕ ಹಾಕ್ತಿದ್ದೆ. ಸರ್ಟ್ರಾಲಿನ್ ಅನ್ನೋ ಡಿಪ್ರೆಶನ್ ಮಾತ್ರೆ ಶುರು ಮಾಡಿ ಐದನೇ ವಾರ ಒಂದಿನ ಬೆಳಗ್ಗೆ ಎದ್ದಾಗ ಹಸಿವಾಯ್ತು. ಹಸಿವು ಅಷ್ಟೇ, ಅದಕ್ಕೇ ಅತ್ಬಿಟ್ಟೆ. ಸೆರೊಟೋನಿನ್ ಕಥೆ ಸುಳ್ಳೇ ಇರ್ಲಿ, ಔಷಧಿ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಿಲ್ಲ ಅಂದ್ರೆ ಕೆಲಸನೇ ಮಾಡಲ್ಲ ಅಂತ ಅಲ್ವಲ್ಲ. ಆಸ್ಪಿರಿನ್ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಾಗೋ ಮುಂಚೆ ಎಪ್ಪತ್ತು ವರ್ಷ ಜನ ಅದನ್ನ ನುಂಗ್ತಿದ್ರು. 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ ನೋಡಿ, 522 ಟ್ರಯಲ್ (ಜನರ ಮೇಲೆ ಮಾಡೋ ಔಷಧಿ ಪರೀಕ್ಷೆ), ಒಂದು ಲಕ್ಷದ ಹದಿನಾರು ಸಾವಿರ ಜನ, ಅದ್ರಲ್ಲಿ ನೋಡಿದ 21 ಡಿಪ್ರೆಶನ್ ಮಾತ್ರೆಗಳೂ ಔಷಧಿ ಇಲ್ಲದ ಡಮ್ಮಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿದ್ವು.

ನಿಮ್ಮ ಡಾಕ್ಟರ್ ಸರಿಯಾಗಿ ಕೇಳ್ಲಿಲ್ಲ, ಅದು ತಪ್ಪು. ಅದನ್ನ ಮಾತ್ರೆ ಮೇಲೆ ಹಾಕ್ಬೇಡಿ.

ಹಗಲುನಿದ್ದೆ:

ಮರಳಿಬಂದವಳು ಅವರೆ, ನೀವು ಬದುಕಿ ಇಲ್ಲಿ ಬರೀತಿರೋದು ನಿಜವಾಗ್ಲೂ ಖುಷಿ. ಯಾರಿಗೂ ಮಾತ್ರೆ ಬಿಡಿ ಅಂತ ನಾನು ಹೇಳ್ತಿಲ್ಲ, ಇದನ್ನ ಓದೋರೂ ದಯವಿಟ್ಟು ಹಂಗೆ ತಿಳ್ಕೋಬೇಡಿ, ಏಕಾಏಕಿ ನಿಲ್ಸಿದ್ರೆ ಏನಾಗತ್ತೆ ಅಂತ ಮೇಲೇ ಬರ್ದಿದೀನಿ.

ಆದ್ರೆ ಆ 522 ಟ್ರಯಲ್ ವಿಷಯ ನಾನೂ ಓದಿದೀನಿ. ಅವು ಹೆಚ್ಚಿನವು ಎಂಟು ವಾರದ ಆಸುಪಾಸಿನವು. ನಾನು ಮೂರು ವರ್ಷದಿಂದ ತಗೋತಿದೀನಿ. ಎಂಟು ವಾರದ ಲೆಕ್ಕ ಇಟ್ಕೊಂಡು ಬಹಳ ವರ್ಷ ಬೇಕು ಅಂತ ಹೇಗೆ ಹೇಳ್ತಾರೆ ಅನ್ನೋದೇ ನನ್ನ ಪ್ರಶ್ನೆ.

ಅಂಕಿಮನುಷ್ಯ:

ನಾನು ಡಾಕ್ಟರ್ ಅಲ್ಲ, ಅಂಕಿಅಂಶದ ಕೆಲಸ ಮಾಡೋನು, ಅಣ್ಣನ ಚಿಕಿತ್ಸೆ ಟೈಮಲ್ಲಿ ಇದನ್ನೆಲ್ಲ ಕೂತು ಓದಿದ್ದೆ.

ಮೊದಲು ಪ್ರಕಟಣೆ ವಿಷಯ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹತ್ರ ದಾಖಲಾಗಿದ್ದ ಡಿಪ್ರೆಶನ್ ಮಾತ್ರೆಗಳ 74 ಸ್ಟಡಿಗಳನ್ನ ಎರಿಕ್ ಟರ್ನರ್ ಅನ್ನೋರು ಹುಡುಕಿ 2008ರಲ್ಲಿ ಬರೆದ್ರು. ಫಲಿತಾಂಶ ಚೆನ್ನಾಗಿದ್ದ 38ರಲ್ಲಿ 37 ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿತ್ತು. ಚೆನ್ನಾಗಿಲ್ಲದ 36ರಲ್ಲಿ 22 ಬರಲೇ ಇಲ್ಲ, 11 ಬಂದಿದ್ರೂ ಓದೋರಿಗೆ ಮಾತ್ರೆ ಗೆದ್ದಂಗೆ ಕಾಣೋ ಹಾಗೆ ಬರೆದಿದ್ರು, ಇದ್ದದ್ದು ಇದ್ದಂಗೆ ಹೇಳಿದ್ದು ಮೂರೇ ಮೂರು. ಇದು ಓದಿದ ದಿನ ನನಗೆ ಸಿಟ್ಟು ತಡ್ಕೊಳ್ಳೋಕೆ ಆಗ್ಲಿಲ್ಲ, ಯಾಕಂದ್ರೆ ಡಾಕ್ಟರ್‌ಗಳೂ ಪಾಪ ಆ ಪ್ರಕಟ ಆಗಿದ್ದನ್ನೇ ಓದಿ ಬರ್ಕೊಡ್ತಾರೆ.

ಅದೇ ವರ್ಷ ಅರ್ವಿಂಗ್ ಕರ್ಷ್ ಅನ್ನೋ ಸಂಶೋಧಕರ ತಂಡ ಲೆಕ್ಕ ಹಾಕಿದಾಗ ಮಾತ್ರೆಗೂ ಡಮ್ಮಿಗೂ ವ್ಯತ್ಯಾಸ ಬಂದಿದ್ದು ಡಿಪ್ರೆಶನ್ ಎಷ್ಟಿದೆ ಅಂತ ಅಳೆಯೋ ಹ್ಯಾಮಿಲ್ಟನ್ ಸ್ಕೇಲಲ್ಲಿ 1.8 ಪಾಯಿಂಟ್. ಆ ಸ್ಕೇಲಲ್ಲಿ ನಿದ್ದೆಗೆ ಅಂತನೇ 6 ಪಾಯಿಂಟ್ ಇದೆ, ಅಂದ್ರೆ ಬರೀ ನಿದ್ದೆ ಸ್ವಲ್ಪ ಸರಿಹೋದ್ರೂ ಅಷ್ಟು ಇಳಿಯತ್ತೆ. ಹಾಗಂತ ಎಲ್ಲರಿಗೂ 1.8 ಅಂತ ಅಲ್ಲ, ಅದು ಸರಾಸರಿ, ಮರಳಿಬಂದವಳು ಮೇಡಂ ಥರ ಜೋರಾಗಿ ಕೆಲಸ ಮಾಡಿದೋರೂ ಆ ಸರಾಸರಿಯೊಳಗೇ ಇರ್ತಾರೆ. ತೀವ್ರವಾಗಿ ಇದ್ದೋರಲ್ಲಿ ವ್ಯತ್ಯಾಸ ಜಾಸ್ತಿ ಕಂಡಿತ್ತು.

ಬಹಳ ವರ್ಷದ ಪ್ರಶ್ನೆಗೆ 2021ರ ಆ್ಯಂಟ್ಲರ್ ಟ್ರಯಲ್ ನೋಡಿ. ದೀರ್ಘಕಾಲ ಮಾತ್ರೆ ತಗೊಂಡು ಆರಾಮಾಗಿದ್ದ 478 ಜನ, ಅರ್ಧ ಜನಕ್ಕೆ ಮುಂದುವರಿಸಿದ್ರು, ಉಳಿದೋರಿಗೆ ಹಂತಹಂತವಾಗಿ ಡಮ್ಮಿಗೆ ಬದಲಾಯಿಸಿದ್ರು. ವರ್ಷದೊಳಗೆ ಮತ್ತೆ ಡಿಪ್ರೆಶನ್ ಬಂದಿದ್ದು ಬಿಟ್ಟೋರಲ್ಲಿ 56 ಪರ್ಸೆಂಟ್, ಮುಂದುವರಿಸಿದೋರಲ್ಲಿ 39. ಬಿಟ್ರೆ ಅಪಾಯ ಜಾಸ್ತಿ ಅನ್ನೋದು ನಿಜ. ಆದ್ರೆ ಬಿಟ್ಟವರಲ್ಲಿ 44 ಪರ್ಸೆಂಟ್ ಜನಕ್ಕೆ ಆ ವರ್ಷ ಡಿಪ್ರೆಶನ್ ಮತ್ತೆ ಬರ್ಲಿಲ್ಲ, ಅದನ್ನೂ ಪೇಷಂಟ್‌ಗೆ ಹೇಳ್ಬೇಕಲ್ವಾ?

ತುಂಬೆಹೂ:

ಚಿಕ್ಕ ಮಾತು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಮಾಡಿಸಿದ್ರಾ? ನನಗೆ ಎಂಟು ತಿಂಗಳು ಡಿಪ್ರೆಶನ್ ಅಂತ ಮಾತ್ರೆ ಕೊಟ್ಟು ಆಮೇಲೆ ನೋಡಿದ್ರೆ ಥೈರಾಯ್ಡ್ ಪೂರ್ತಿ ಮಲಗಿತ್ತು. ಸುಸ್ತು, ನಿಧಾನ, ಯಾವುದ್ರಲ್ಲೂ ಆಸಕ್ತಿ ಇಲ್ಲ, ಎಲ್ಲಾ ಅದ್ರಿಂದನೇ.

ಔಷಧಿಅಣ್ಣ:

ಹಗಲುನಿದ್ದೆ ಅವರೆ, ನಾನು ಫಾರ್ಮಸಿಸ್ಟ್, ಹೆಂಡತಿಗೆ ವೆನ್ಲಾಫಾಕ್ಸಿನ್ ಅನ್ನೋ ಡಿಪ್ರೆಶನ್ ಮಾತ್ರೆ ಬಿಡಿಸೋಕೆ ಒಂದು ವರ್ಷ ಒದ್ದಾಡಿದೀನಿ, ಹಾಗಾಗಿ ಎರಡೂ ಕಡೆಯಿಂದ ಗೊತ್ತು.

ನಿಮ್ಮ ಕೊನೇ ಪ್ರಶ್ನೆ ಮುಖ್ಯವಾದದ್ದು. ಕಾಯಿಲೆ ಮರುಕಳಿಸೋದು ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ. ಬಿಟ್ಟ ಮೂರು ನಾಲ್ಕು ದಿನಕ್ಕೇ ಶುರುವಾಗಿ, ತಲೆಯಲ್ಲಿ ಕರೆಂಟ್ ಹೊಡೆದಂಗೆ ಆಗಿ, ಮತ್ತೆ ನುಂಗಿದ ಎರಡು ದಿನಕ್ಕೆ ಮಾಯ ಆದ್ರೆ ಅದು ಬಹುತೇಕ ವಿತ್‌ಡ್ರಾವಲ್, ಅಂದ್ರೆ ಮಾತ್ರೆ ಬಿಟ್ಟಿದ್ದಕ್ಕೆ ಆಗೋ ಕಾಟ. ಕರೆಂಟ್ ಹೊಡೆಯೋದು ಡಿಪ್ರೆಶನ್ ಲಕ್ಷಣದ ಪಟ್ಟಿಯಲ್ಲೇ ಇಲ್ಲ. ಎಲ್ಲರಿಗೂ ಆಗಲ್ಲ ಇದು, ಆದವರಿಗೆ ಮಾತ್ರ ನರಕ. ದೇಹದಿಂದ ಬೇಗ ಹೋಗೋ ಪ್ಯಾರಾಕ್ಸಿಟಿನ್, ವೆನ್ಲಾಫಾಕ್ಸಿನ್ ಬಹಳ ಕಾಡತ್ತೆ, ಫ್ಲೂಆಕ್ಸಿಟಿನ್ ವಾರಗಟ್ಟಲೆ ದೇಹದಲ್ಲಿ ಉಳಿಯೋದ್ರಿಂದ ಸ್ವಲ್ಪ ಸಲೀಸು.

10, 5, ಸೊನ್ನೆ ಅಂತ ಇಳಿಸೋದು ಕೇಳೋಕೆ ಸಮ ಅನ್ಸತ್ತೆ, ಮೆದುಳಿಗೆ ಸಮ ಅಲ್ಲ. ಮಾರ್ಕ್ ಹೊರೊವಿಟ್ಜ್ ಮತ್ತೆ ಡೇವಿಡ್ ಟೇಲರ್ 2019ರಲ್ಲಿ ಇದನ್ನ ಬರೆದ್ರು, ಹೊರೊವಿಟ್ಜ್ ಸ್ವತಃ ಈ ಮಾತ್ರೆ ಬಿಡೋಕೆ ಕಷ್ಟಪಟ್ಟ ಡಾಕ್ಟರ್. ಸಿಟಾಲೋಪ್ರಾಮ್ ಉದಾಹರಣೆ ತಗೊಳ್ಳಿ, 60 ಮಿಲಿಗ್ರಾಂ ತಗೊಂಡ್ರೂ 20 ತಗೊಂಡ್ರೂ ಮೆದುಳಲ್ಲಿ ಮಾತ್ರೆ ಕೆಲಸ ಮಾಡೋ ಜಾಗಗಳಲ್ಲಿ ಅದು ಹಿಡ್ಕೊಳ್ಳೋದು ಸುಮಾರು 88 ಮತ್ತೆ 80 ಪರ್ಸೆಂಟ್, ದೊಡ್ಡ ವ್ಯತ್ಯಾಸ ಇಲ್ಲ. ಆದ್ರೆ ಕೆಳಗಡೆ ಒಂದೆರಡು ಮಿಲಿಗ್ರಾಂ ಕಮ್ಮಿ ಆದ್ರೂ ದಬಕ್ಕನೆ ಬೀಳತ್ತೆ. ಬೆಟ್ಟದ ಇಳಿಜಾರು ಮೇಲೆ ಸಪಾಟು, ಕೆಳಗೆ ಪ್ರಪಾತ. ಅದಕ್ಕೇ ಕೊನೆಕೊನೆಗೆ ಹನಿ ಔಷಧಿ ಬಳಸಿ ಚೂರುಚೂರೇ ಇಳಿಸ್ಬೇಕು. ನನ್ನ ಹೆಂಡತಿಗೆ ಕೊನೇ ಸ್ವಲ್ಪ ಡೋಸ್ ಬಿಡಿಸೋಕೇ ಐದು ತಿಂಗಳು ಹಿಡೀತು. ಡಾಕ್ಟರ್ ಜೊತೆ ಸೇರಿನೇ ಮಾಡಿ, ನಿಮ್ಮಷ್ಟಕ್ಕೆ ಬೇಡ.

ಇನ್ನೊಂದು, 25ಕ್ಕಿಂತ ಚಿಕ್ಕ ವಯಸ್ಸಿನೋರು ಇದನ್ನ ಓದ್ತಿದ್ರೆ, ಶುರು ಮಾಡಿದ ಮೊದಲ ವಾರಗಳಲ್ಲಿ, ಡೋಸ್ ಬದಲಾಯಿಸಿದಾಗ ಸಾಯೋ ಯೋಚನೆ ಹೆಚ್ಚಾಗಬಹುದು ಅಂತ ಎಫ್‌ಡಿಎ ಈ ಔಷಧಿಗಳ ಮಾಹಿತಿ ಹಾಳೆಯಲ್ಲೇ ಚೌಕ ಹಾಕಿ ಎಚ್ಚರಿಕೆ ಬರೆಸಿದೆ. ಮನೆಯೋರಿಗೆ ಹೇಳಿಟ್ಟಿರಿ.

ಮರಳಿಬಂದವಳು:

ಔಷಧಿಅಣ್ಣ ಹೇಳಿದ್ದು ನನಗೆ ಯಾರೂ ಹೇಳಿರ್ಲಿಲ್ಲ. ಶುರು ಮಾಡೋವಾಗ್ಲೇ ಬಿಡೋದು ಹೇಗೆ ಅಂತ ಹೇಳ್ಬೇಕಿತ್ತು, ಇದು ಒಪ್ತೀನಿ. ಆದ್ರೆ ನಾನು ಮುಂದುವರಿಸ್ತೀನಿ, ಎರಡು ಸಲ ಆ ಗುಂಡಿಗೆ ಬಿದ್ದಿದೀನಿ, ಮೂರನೇ ಸಲಕ್ಕೆ ನನಗೆ ಧೈರ್ಯ ಇಲ್ಲ.

ಹಗಲುನಿದ್ದೆ:

ಎಲ್ರಿಗೂ ಥ್ಯಾಂಕ್ಸ್. ಔಷಧಿಅಣ್ಣ, ನಿಮ್ಮ ಉತ್ತರನ ಮೂರು ಸಲ ಓದಿದೆ. ಒಂದೂವರೆ ವರ್ಷ ನನ್ನ ಮನಸ್ಸೇ ಕೆಟ್ಟಿದೆ ಅಂತ ನಂಬ್ಕೊಂಡು ಕೂತಿದ್ದೆ.

ತುಂಬೆಹೂ, ಥೈರಾಯ್ಡ್ ನಾರ್ಮಲ್, ಬಿ12 ಮಾತ್ರ ಕಮ್ಮಿ ಇತ್ತು, ಅದಕ್ಕೆ ಮಾತ್ರೆ ಶುರು ಮಾಡಿದೀನಿ. ಮೂರು ವರ್ಷದಲ್ಲಿ ಇದನ್ನ ಯಾರೂ ಮಾಡಿಸಿರ್ಲಿಲ್ಲ.

ಬೇರೆ ಡಾಕ್ಟರ್‌ನ ಹುಡುಕಿ ನಿನ್ನೆ ಹೋಗಿದ್ದೆ. ಇವರು ನಲವತ್ತು ನಿಮಿಷ ಕೂತ್ರು. ಮೊದಲ ಪ್ರಶ್ನೆನೇ ಅಪ್ಪ ಹೇಗಿದ್ರು ಅಂತ, ಹೇಗೆ ಹೋದ್ರು ಅಂತ ಅಲ್ಲ. ಬಹಳ ದಿನದ ಮೇಲೆ ಗಂಟಲು ಕಟ್ಟಿ ಬಂತು, ಅಳು ಮಾತ್ರ ಬರ್ಲಿಲ್ಲ. ಹನಿ ಔಷಧಿಗೆ ಬದಲಾಯಿಸಿದ್ದಾರೆ, ಮೊದಲು 10ರಿಂದ 8, ಒಂದು ತಿಂಗಳು ಅಲ್ಲೇ ಇರೋದು, ಕಷ್ಟ ಆದ್ರೆ ವಾಪಸ್ ಹತ್ತೋದು, ಅವಸರ ಇಲ್ಲ ಅಂದ್ರು. ಸೋಮವಾರದಿಂದ ಶುರು. ಕರೆಂಟ್ ಹೊಡೆಯೋಕೆ ಶುರುವಾದ್ರೆ ಇಲ್ಲೇ ಬಂದು ಬರೀತೀನಿ.